ಚೀಲ ಹೊತ್ತವಳು

ಶಿಡ್ಲಘಟ್ಟದ ಬೀದಿಗಳಲ್ಲಿ ಅವರಿಬ್ಬರು ನಡೆಯುವ ರೀತಿ ಎಂದೂ ಬದಲಾಗುತ್ತಿರಲಿಲ್ಲ. ಮುಂದೆ ಪ್ರಮೋದಿನಿ, ಬಿಳಿ ಸೀರೆ, ಕೈಯಲ್ಲಿ ಕೊಡೆ. ನಾಲ್ಕು ಹೆಜ್ಜೆ ಹಿಂದೆ ಜೀವರತ್ನಮ್ಮ, ಹೆಗಲಲ್ಲಿ ಚೀಲ. ಚೀಲದಲ್ಲಿ ಎರಡು ಸ್ಲೇಟು, ಬಳಪದ ಡಬ್ಬಿ, ಸುವಾರ್ತೆಯ ಸಣ್ಣ ಸಣ್ಣ ಪುಸ್ತಕಗಳು, ಪ್ರಮೋದಿನಿಗೆ ಬಾಯಾರಿದರೆ ಇರಲೆಂದು ನೀರಿನ ಸೀಸೆ.

ಸೊಪ್ಪು ಮಾರುವ ಮುನಿಶಾಮಮ್ಮ ಇವರನ್ನು ಕಂಡಾಗಲೆಲ್ಲ ಬುಟ್ಟಿ ಇಳಿಸಿ ನಗುವಳು.

"ಏನ್ ರತ್ನಮ್ಮ, ಮದುವೆ ಹೆಣ್ಣಿನ ಹಿಂದೆ ಪೆಟ್ಟಿಗೆ ಹೊತ್ಕೊಂಡು ಬಂದ ಸೋದರತ್ತೆ ಇದ್ದಂಗಿದೀಯಲ್ಲ!"

"ನಿನ್ನ ದಂಟಿನ ಸೊಪ್ಪು ಬಾಡ್ತಾ ಐತೆ, ಅದನ್ನ ನೋಡ್ಕೋ ಹೋಗು," ಎಂದು ರತ್ನಮ್ಮನೂ ನಗುವಳು. ನಗು ತುಟಿಯ ಮೇಲಷ್ಟೇ. ಒಳಗೆ ಒಲೆಗೆ ಹಸಿ ಸೌದೆ ಇಟ್ಟಂತೆ ಹೊಗೆ.

ಹದಿನೆಂಟನೆಯ ವಯಸ್ಸಿನಲ್ಲಿ, ಚಿಕ್ಕಬಳ್ಳಾಪುರದ ಕ್ರೈಸ್ತ ದೇವಾಲಯದಲ್ಲಿ, ಸಭೆ ತುಂಬ ಜನರಿದ್ದಾಗ ಎದ್ದು ನಿಂತು, ದೇವರು ನನ್ನನ್ನು ಸೇವೆಗೆ ಕರೆದಿದ್ದಾನೆ ಎಂದು ಹೇಳಿದವಳು ಈ ರತ್ನಮ್ಮ. ಕರೆ ಬಂದದ್ದು ಸುಳ್ಳಲ್ಲ. ಪೆರೇಸಂದ್ರದ ಹೊಲದಲ್ಲಿ ಕಳೆ ಕೀಳುತ್ತಿದ್ದಾಗ, ಯಾರೋ ಹೆಸರು ಹಿಡಿದು ಕೂಗಿದಷ್ಟು ಸ್ಪಷ್ಟವಾಗಿ ಅವಳಿಗೆ ಅದು ತಿಳಿದಿತ್ತು. ಸಭೆಯ ಪಾದ್ರಿಗಳು ಜ್ಞಾನಪ್ರಕಾಶ ಅಯ್ಯನವರು. ಎಲ್ಲ ಕೇಳಿಸಿಕೊಂಡು, "ಸಂತೋಷ ಕಣಮ್ಮ. ಆದರೆ ಇನ್ನೂ ಕಾಯಬೇಕು. ಅಲ್ಲೀವರೆಗೂ ಹಾಸ್ಟೆಲಿನ ಅಡುಗೆ ನೋಡ್ಕೋ," ಎಂದಿದ್ದರು.

ಅವಳು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಒಂಬತ್ತು ವರ್ಷ ಮುದ್ದೆ ತಿರುವಿದಳು. ಒಂದು ಕೈಯಲ್ಲಿ ಕೋಲು, ಒಲೆಯ ಪಕ್ಕದ ಗೋಡೆಗೆ ಒರಗಿಸಿದ ಪುಸ್ತಕ. ನಾಲ್ಕು ಸುವಾರ್ತೆಗಳು ಬಾಯಿಪಾಠವಾದವು. ಎರಡು ಗಂಡುಗಳನ್ನು ಬೇಡವೆಂದಳು. ಪ್ರತಿ ವರ್ಷ ಬೆಂಗಳೂರಿನ ಸೇವಿಕೆಯರ ತರಬೇತಿ ಶಾಲೆಗೆ ಆ ಸಭೆಯ ಕಡೆಯಿಂದ ಒಬ್ಬಳಿಗೆ ಮಾತ್ರ ಜಾಗ. ಪ್ರತಿ ವರ್ಷ ಆ ಒಬ್ಬಳು ಬೇರೆ ಯಾರೋ ಆಗಿರುತ್ತಿದ್ದಳು.

ಎರಡು ವರ್ಷದ ಹಿಂದೆ ಆ ಜಾಗ ಪ್ರಮೋದಿನಿಗೆ ಹೋಯಿತು. ಹಾಸ್ಟೆಲಿಗೆ ಹನ್ನೆರಡು ವರ್ಷದ ಹುಡುಗಿಯಾಗಿ ಬಂದಾಗ ಇದೇ ಪ್ರಮೋದಿನಿಯ ತಲೆಯ ಹೇನು ತೆಗೆದವಳು ರತ್ನಮ್ಮ. ಆ ಹುಡುಗಿ ತರಬೇತಿ ಮುಗಿಸಿ, ಮನೆಮನೆಗೆ ಹೋಗಿ ಹೆಂಗಸರಿಗೆ ಓದು ಕಲಿಸಿ ಸುವಾರ್ತೆ ಹೇಳುವ ಬೈಬಲಮ್ಮನಾಗಿ ಶಿಡ್ಲಘಟ್ಟಕ್ಕೆ ಬಂದಳು. ಇಪ್ಪತ್ತು ವರ್ಷದ ಹೆಣ್ಣು ಒಂಟಿಯಾಗಿರಬಾರದಲ್ಲ. ಜೊತೆಗೆ, ಅಡುಗೆಗೆ, ಚೀಲಕ್ಕೆ ರತ್ನಮ್ಮ. "ಇದೂ ಒಂಥರ ತರಬೇತಿನೇ ಕಣಮ್ಮ," ಎಂದಿದ್ದರು ಅಯ್ಯನವರು. ಸಾವಿರದ ಒಂಬೈನೂರ ಐವತ್ತೆಂಟರ ಜೂನಿನಲ್ಲಿ ಮತ್ತೊಂದು ಜಾಗವಿತ್ತು. ಈ ಸಲ ತಪ್ಪಿದರೆ ತನಗೆ ಇಪ್ಪತ್ತೆಂಟು, ಮುಂದೆ ಯಾರೂ ತನ್ನ ಹೆಸರೇ ಎತ್ತುವುದಿಲ್ಲವೆಂದು ರತ್ನಮ್ಮ ದಿನ ಎಣಿಸುತ್ತಿದ್ದಳು.

ಪ್ರಮೋದಿನಿ ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಕಥೆ ಹೇಳುವಾಗ ನಡುವೆ ಮರೆತು, "ಮುಂದೇನಕ್ಕಾ?" ಎಂದು ತಿರುಗಿ ಕೇಳುವಳು. ರತ್ನಮ್ಮ ಹೇಳಿಕೊಡುವಳು. ಕೇಳಿದ ಹೆಂಗಸರು, "ಎಷ್ಟ್ ಚೆನ್ನಾಗಿ ಹೇಳ್ತೀರಮ್ಮ!" ಎಂದು ಪ್ರಮೋದಿನಿಯ ಗಲ್ಲ ಸವರುವರು.

ಎಲ್ಲಕ್ಕಿಂತ ಹೆಚ್ಚು ಉರಿ ತಂದದ್ದು ಸಾದಿಕ್ ಪಾಷಾನ ಮನೆ. ಅವನದು ರೇಷ್ಮೆ ನೂಲು ಬಿಚ್ಚುವ ಕಸುಬು. ಹಿತ್ತಿಲಲ್ಲಿ ಕುದಿನೀರಿನ ಬಾಣಲೆ, ಚರಕ, ನೂಲು ಬಿಚ್ಚಿದ ಮೇಲೆ ಉಳಿದ ಸತ್ತ ಹುಳುಗಳ ರಾಶಿ. ಆ ವಾಸನೆ ಬೀದಿಗೆಲ್ಲ ಹಬ್ಬುತ್ತಿತ್ತು. ಮೊದಲ ದಿನ ಪ್ರಮೋದಿನಿ ತಡೆಯಲಾರದೆ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು. ಮರುದಿನದಿಂದ ಮುಚ್ಚಲಿಲ್ಲ.

ಅವನ ಹೆಂಡತಿ ಅಜೀಜಾ ಚಿಂತಾಮಣಿಯವಳು. ಅವಳ ತಮ್ಮ ಕನ್ನಡ ಶಾಲೆಯಲ್ಲಿ ಓದುವವನು, ಅಕ್ಕನಿಗೆ ಕಾರ್ಡು ಬರೆಯುವನು. ಗಂಡ ಓದಿ ಹೇಳುವಾಗ ಅರ್ಧ ನುಂಗಿಬಿಡುತ್ತಾನೆಂದು ಅವಳಿಗೆ ಗುಮಾನಿ. ತಾನೇ ಓದಬೇಕೆಂಬ ಹಟದಲ್ಲಿ ಆರು ತಿಂಗಳು ಸ್ಲೇಟು ತೀಡಿದಳು. ತಮ್ಮನ ಕಾರ್ಡನ್ನು ಒಂದು ದಿನ ಮೊದಲಿನಿಂದ ಕೊನೆಯವರೆಗೆ ತಾನೇ ಓದಿದಾಗ ಪ್ರಮೋದಿನಿಯ ಎರಡೂ ಕೈ ಹಿಡಿದು ಮುತ್ತಿಟ್ಟಳು, ಅತ್ತಳು. ಬಳಪ ಹಿಡಿಯುವುದನ್ನು ಬೆರಳಿಗೆ ಬೆರಳು ಕೂಡಿಸಿ ಕಲಿಸಿದ್ದವಳು ರತ್ನಮ್ಮ. ಅವಳು ಅಲ್ಲೇ ಬಾಗಿಲ ಹತ್ತಿರ ಕೂತು ಸ್ಲೇಟು ಒರೆಸುತ್ತಿದ್ದಳು. ಅವಳ ಕಡೆ ಯಾರೂ ನೋಡಲಿಲ್ಲ.

ಏಪ್ರಿಲಿನಲ್ಲಿ ಪ್ರಮೋದಿನಿ ಚಳಿಜ್ವರ ಹಿಡಿದು ಮಲಗಿದಳು. ಎರಡು ವಾರ ರತ್ನಮ್ಮನೇ ಮನೆಮನೆಗೆ ಹೋದಳು. ಮೊದಲ ದಿನ ಬೀದಿಯ ನಡುವೆ ಒಬ್ಬಳೇ ನಡೆದಾಗ ಹಗುರವಾಗಿ ಹಾರಿದಂತಾಯಿತು. ಆದರೆ ಹೋದ ಕಡೆಯೆಲ್ಲ ಒಂದೇ ಮಾತು: "ಅಮ್ಮಾವ್ರು ಹೆಂಗಿದಾರೆ? ಯಾವಾಗ ಬರ್ತಾರೆ?"

ರಂಜಾನ್ ಹಬ್ಬದ ಮರುದಿನ ಅಜೀಜಾ ಶಾವಿಗೆ ಪಾಯಸದ ಡಬ್ಬಿ ತಂದು ಮುಂದಿಟ್ಟಳು.

"ಇದು ಟೀಚರಮ್ಮಗೆ. ಬಾದಾಮಿ ಜಾಸ್ತಿ ಹಾಕಿದೀನಿ. ಅವರು ಬರೋವರೆಗೂ ಹೊಸ ಪಾಠ ಬೇಡ ಆಪಾ. ನೀವು ಹಳೇದೇ ಕೇಳಿ ಸಾಕು."

ಹಳೆಯದೇ ಸಾಕಂತೆ. ರತ್ನಮ್ಮನ ಬಾಯಿಂದ ಆ ಮಾತು ಹೇಗೆ ಬಂತೋ. ಬಂದದ್ದಂತೂ ತೊದಲದೆ, ನೀಟಾಗಿ ಬಂತು.

"ಅವರು ಇನ್ಮೇಲೆ ಈ ಮನೆಗೆ ಬರಲ್ಲಮ್ಮ. ಹುಳದ ವಾಸನೆಗೆ ತಲೆನೋವು ಬರುತ್ತಂತೆ. ಈ ಬೀದಿಗೇ ಕಾಲಿಡಲ್ಲ ಅಂದ್ರು."

ಅಜೀಜಾ ಡಬ್ಬಿಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು. ಹಿತ್ತಿಲಲ್ಲಿ ಚರಕ ತಿರುಗಿಸುತ್ತಿದ್ದ ಅವಳ ಅತ್ತೆ ರಹಮತುನ್ನೀಸಾ ಕೈ ನಿಲ್ಲಿಸಿದ್ದು ಮಾತ್ರ ಕೇಳಿಸಿತು.

ಜ್ವರ ಬಿಟ್ಟ ಮೇಲೆ ಪ್ರಮೋದಿನಿ ಮೊದಲು ಹೋದದ್ದು ಆ ಮನೆಗೇ. ಬಾಗಿಲ ಪರದೆ ಸರಿಯಲಿಲ್ಲ. ಪರದೆಯ ಹಿಂದಿನಿಂದ ಮುದುಕಿ, "ನಮ್ಮ ಹುಡುಗಿಗೆ ಕಲ್ತಿದ್ದು ಸಾಕು. ಹೋಗಿ ಬನ್ನಿ," ಎಂದಳು. ಪ್ರಮೋದಿನಿ ಮೂರು ದಿನ ಹೋದಳು, ಮೂರು ದಿನವೂ ಅದೇ ಮಾತು. ಹಿಂದೆ ನಿಂತಿದ್ದ ರತ್ನಮ್ಮ ಆ ಹುಡುಗಿಯ ಕುಗ್ಗಿದ ಬೆನ್ನು ನೋಡಿದಳು. ಖುಷಿಯಾಗಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ.

ಮೇ ತಿಂಗಳ ಎರಡನೆಯ ಭಾನುವಾರ ಅಯ್ಯನವರು ಚಿಕ್ಕಬಳ್ಳಾಪುರದಿಂದ ರೈಲಿನಲ್ಲಿ ಬಂದರು. ಆರಾಧನೆ ಮುಗಿದ ಮೇಲೆ ರತ್ನಮ್ಮನನ್ನು ಜಗಲಿಗೆ ಕರೆದರು.

"ಪ್ರಮೋದಿನಿ ಕಾಗದ ಬರೆದಿದಾಳೆ. ಈ ಕೆಲಸಕ್ಕೆ ನಾನು ತಕ್ಕವಳಲ್ಲ, ಹಾಸ್ಟೆಲಿಗೆ ಕಳಿಸಿ ಅಂತ. ನಿನ್ನನ್ನ ತರಬೇತಿಗೆ ಕಳಿಸಬೇಕು, ಬಂದ ಮೇಲೆ ಈ ಊರು ನಿನಗೇ ಕೊಡಬೇಕು ಅಂತಾನೂ ಬರೆದಿದಾಳೆ. ಅವಳ ವಿಷಯ ಆಮೇಲೆ ನೋಡೋಣ. ಜಾಗ ನಿಂದೇ ಅಂತ ತೀರ್ಮಾನ ಆಯ್ತು. ಜೂನ್ ಹತ್ತಕ್ಕೆ ಹೊರಡಬೇಕು. ಏನಂತೀಯಮ್ಮ?"

"ಆಗಲಿ ಅಯ್ಯನೋರೆ," ಎಂದಳು ರತ್ನಮ್ಮ. ಅಷ್ಟೇ ಅಂದಳು. ಹತ್ತು ವರ್ಷದಿಂದ ಆ ಗಳಿಗೆಗೆಂದು ಎಂತೆಂಥ ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದಳೋ, ಒಂದೂ ಬಾಯಿಗೆ ಬರಲಿಲ್ಲ.

ಮೂರು ದಿನ ಹಬ್ಬದಂತೆ ಓಡಾಡಿದಳು. ಟ್ರಂಕು ಒರೆಸಿದಳು. ಪ್ರಮೋದಿನಿ ತನ್ನ ಎರಡು ಬಿಳಿ ಸೀರೆಗಳಿಗೆ ಗಂಜಿ ಹಾಕಿ ಮಡಿಸಿ ತಂದುಕೊಟ್ಟಳು.

"ಅಲ್ಲಿ ಐದೂವರೆಗೆ ಗಂಟೆ ಹೊಡೀತಾರೆ ಅಕ್ಕಾ. ಅದಕ್ಕೂ ಮುಂಚೆ ಎದ್ರೆ ಬಿಸಿನೀರು ಸಿಗುತ್ತೆ. ಮಂಗಳೂರು ಕಡೆಯೋರು ಮೀನು ಮಾಡ್ತಾರೆ, ನಿಮಗೆ ಸೇರಲ್ಲ, ಮುಂಚೇನೇ ಹೇಳಿಬಿಡಿ."

"ಆಯ್ತು ಬಿಡೇ. ನೀನ್ಯಾಕೆ ಹಂಗೆ ಕಾಗದ ಬರೆದೆ?" ಕೇಳಬಾರದೆಂದುಕೊಂಡಿದ್ದನ್ನೇ ರತ್ನಮ್ಮ ಕೇಳಿಬಿಟ್ಟಳು.

ಪ್ರಮೋದಿನಿ ಸೀರೆಯ ಅಂಚು ನೀವುತ್ತಾ ಕೂತಳು. "ಮೊದಲನೇ ದಿನ ಆ ಮನೇಲಿ ಮೂಗು ಮುಚ್ಕೊಂಡೆನಲ್ಲಕ್ಕಾ. ಅದನ್ನ ಅವರು ಮನಸ್ಸಲ್ಲಿ ಇಟ್ಕೊಂಡಿರ್ತಾರೆ. ಆರು ತಿಂಗಳು ಹೇಳಲಿಲ್ಲ ಅಷ್ಟೇ. ಒಬ್ಬರ ಅನ್ನದ ವಾಸನೆಗೆ ಮೂಗು ಮುಚ್ಚಿದೋಳು ಅವರಿಗೆ ಏನು ಸುವಾರ್ತೆ ಹೇಳ್ತಾಳೆ? ನೀವು ಒಂದು ದಿನಾನಾದ್ರೂ ಮುಚ್ಚಿದ್ರಾ? ನಾನು ನೋಡಿದೀನಿ. ಇಲ್ಲ."

ರತ್ನಮ್ಮ ಟ್ರಂಕು ಒರೆಸುತ್ತಿದ್ದ ಬಟ್ಟೆ ಕೆಳಗಿಟ್ಟಳು. ತಾನು ಆಡಿದ ಸುಳ್ಳನ್ನು ಈ ಹುಡುಗಿ ತನ್ನ ತಪ್ಪೆಂದು ಹೊತ್ತುಕೊಂಡು ಕೂತಿದ್ದಾಳೆ. ಹೊತ್ತುಕೊಂಡು ತನಗೆ ದಾರಿ ಬಿಡುತ್ತಿದ್ದಾಳೆ. ಆಗಲೂ ರತ್ನಮ್ಮನಿಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಹೊಟ್ಟೆಕಿಚ್ಚೇ. ಇದರಲ್ಲೂ ಇವಳೇ ಮೇಲಾದಳಲ್ಲ ಎಂದು. ಆ ಯೋಚನೆ ಬಂದದ್ದೇ ಅವಳಿಗೆ ತನ್ನ ಬಗ್ಗೆ ಹೆದರಿಕೆಯಾಯಿತು.

"ಅದಲ್ಲ ಕಣೇ," ಎಂದಳು. "ನಿನಗೆ ಜ್ವರ ಬಂದಾಗ ನಾನು ಅವರಿಗೆ ಹೇಳ್ದೆ. ನಿನಗೆ ಹುಳದ ವಾಸನೆ ಆಗಲ್ಲ, ಆ ಬೀದಿಗೇ ಕಾಲಿಡಲ್ಲ ಅಂದೆ ಅಂತ."

"ನಾನೆಲ್ಲಿ ಅಂದೆ?"

"ಅನ್ನಲಿಲ್ಲ. ನಾನೇ ಕಟ್ಟಿ ಹೇಳ್ದೆ."

"ಯಾಕಕ್ಕಾ?"

"ಹೊಟ್ಟೆಕಿಚ್ಚು."

ಪ್ರಮೋದಿನಿ ಗಂಜಿ ಹಾಕಿದ ಸೀರೆಗಳನ್ನು ಟ್ರಂಕಿನ ಮೇಲಿಂದ ಎತ್ತಿಕೊಂಡಳು. "ನಿಮಗೆ ಹೊಟ್ಟೆಕಿಚ್ಚು ಇದೆ ಅಂತ ನಂಗೆ ಗೊತ್ತಿತ್ತು. ಇಷ್ಟು ಅಂತ ಗೊತ್ತಿರಲಿಲ್ಲ," ಎಂದು ಅಡುಗೆಮನೆಗೆ ಹೋದಳು. ಅವಳ ಅಳು ಕೇಳಿಸಿತು. ರತ್ನಮ್ಮ ಎದ್ದು ಹೋಗಿ ಸಮಾಧಾನ ಹೇಳಲಿಲ್ಲ. ಹೇಳುವ ಮುಖ ಎಲ್ಲಿತ್ತು?

ಮರುದಿನ ಬೆಳಿಗ್ಗೆ ಒಬ್ಬಳೇ ಸಾದಿಕ್ ಪಾಷಾನ ಮನೆಗೆ ಹೋದಳು. ಮುದುಕಿ ಪರದೆ ಸರಿಸಿ, "ಏನು, ನಿಮಗೂ ತಲೆನೋವು ಬಂತಾ?" ಎಂದಳು.

ರತ್ನಮ್ಮ ಹೊಸ್ತಿಲಲ್ಲೇ ನಿಂತು ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ. ಅಜೀಜಾ ಬಾಣಲೆಯ ಹತ್ತಿರದಿಂದ ಎದ್ದು ಬಂದಳು, ಬಿಸಿನೀರಿನಿಂದ ಬೆರಳುಗಳು ಕೆಂಪಾಗಿದ್ದವು.

"ಯಾಕೆ ಹಂಗೆ ಹೇಳಿದ್ರಿ ಆಪಾ? ನಾವು ನಿಮಗೇನು ಮಾಡಿದ್ವಿ?"

"ನೀವು ಕಾರ್ಡು ಓದಿದ ದಿನ ಅವಳ ಕೈಗೆ ಮುತ್ತಿಟ್ರಿ. ನಾನೂ ಅಲ್ಲೇ ಇದ್ದೆ ಅಮ್ಮ."

ಮುದುಕಿ ಒಂದು ಗಳಿಗೆ ಅವಳ ಮುಖ ನೋಡಿ ಗಹಗಹಿಸಿ ನಕ್ಕಳು. "ಯಾ ಅಲ್ಲಾ! ಸವತೀರ ಹೊಟ್ಟೆಕಿಚ್ಚು ನೋಡಿದೀನಿ, ವಾರಗಿತ್ತೀರದು ನೋಡಿದೀನಿ. ದೇವರ ಕೆಲಸ ಮಾಡೋರ ಹೊಟ್ಟೆಕಿಚ್ಚು ಇವತ್ತೇ ನೋಡಿದ್ದು!"

ಅಜೀಜಾ ನಗಲಿಲ್ಲ. "ಹದಿನೈದು ದಿನ ನಾನು ಅನ್ನಕ್ಕೆ ಕೂತಾಗಲೆಲ್ಲ ನನ್ನ ಕೈ ಮೂಸಿ ನೋಡ್ಕೊಂಡಿದೀನಿ. ಗೊತ್ತಾ ನಿಮಗೆ?" ಎಂದಳು. "ಟೀಚರಮ್ಮನ್ನ ನಾಳೆ ಬರಕ್ಕೆ ಹೇಳಿ. ನೀವು ಬರಬೇಡಿ."

ನ್ಯಾಯವೇ. ರತ್ನಮ್ಮ ತಲೆಯಾಡಿಸಿ ಇಳಿದಳು. ಪೆಟ್ಟು ತಿಂದವಳಂತೆ ನಡೆದಳು. ಒಂದು ಮಾತ್ರ ಅವಳಿಗೆ ವಿಚಿತ್ರವೆನಿಸಿತು. ಇಷ್ಟು ಕಾಲ ಯಾವ ಮನೆಯಲ್ಲಿ ಬಾಯಿ ತೆರೆದರೂ ಕೇಳುವವರ ಮುಖದಲ್ಲಿ ತನ್ನ ಮಾತು ಎಷ್ಟು ಚೆನ್ನಾಗಿತ್ತೆಂದು ಹುಡುಕುತ್ತಿದ್ದಳು. ಇವತ್ತು ಹುಡುಕಿರಲಿಲ್ಲ.

ಮಧ್ಯಾಹ್ನದ ರೈಲಿಗೆ ಚಿಕ್ಕಬಳ್ಳಾಪುರಕ್ಕೆ ಹೋದಳು. ಅಯ್ಯನವರು ಪೂರ್ತಿ ಕೇಳಿಸಿಕೊಂಡರು, ಕನ್ನಡಕ ತೆಗೆದು ಒರೆಸಿದರು.

"ಜಾಗ ಹೋಯ್ತು ಅಂತ ಗೊತ್ತಲ್ಲಮ್ಮ?"

"ಗೊತ್ತು ಅಯ್ಯನೋರೆ. ಪ್ರಮೋದಿನಿನ ಅಲ್ಲೇ ಇರಿಸಿ. ಅವಳ ಜೊತೆ ಬೇರೆ ಯಾರನ್ನಾದ್ರೂ ಕಳಿಸಿ. ಅವಳಿಗೆ ನನ್ನ ಸಹವಾಸ ಸಾಕಾಗಿದೆ."

"ಅದನ್ನ ಅವಳನ್ನೇ ಕೇಳೋಣ. ಹೊರಗೆ ಗೌರಿಬಿದನೂರಿನ ಹುಡುಗಿ ಬಂದು ಕೂತಿದಾಳೆ. ಮುಂದಿನ ವರ್ಷಕ್ಕೆ ಅಂತ ಹೆಸರು ಬರೆಸಕ್ಕೆ ಬಂದೋಳು. ಈ ವರ್ಷವೇ ಅವಳನ್ನ ಕಳಿಸ್ತೀನಿ."

"ನಾನು ಮುಂದಿನ ವರ್ಷ ಕೇಳಬಹುದಾ?"

"ಕೇಳು."

"ಕೊಡ್ತೀರಾ?"

ಅಯ್ಯನವರು ಯಾವತ್ತೂ ಸುಳ್ಳು ಸಮಾಧಾನ ಹೇಳಿದವರಲ್ಲ. "ಗೊತ್ತಿಲ್ಲಮ್ಮ," ಎಂದರು.

ಹೊರಗೆ ಜಗಲಿಯ ಮೇಲೆ ಆ ಹುಡುಗಿ ಕೂತಿದ್ದಳು. ಹದಿನೆಂಟಿರಬಹುದು. ಎಣ್ಣೆ ಹಾಕಿ ಬಿಗಿದ ಎರಡು ಜಡೆ, ಮಡಿಲಲ್ಲಿ ಬಟ್ಟೆಯ ಗಂಟು, ಯಾವಾಗ ಕರೆಯುತ್ತಾರೋ ಎಂದು ಬಾಗಿಲಿನತ್ತಲೇ ಕಣ್ಣು. ಅವಳನ್ನು ಕಂಡದ್ದೇ ತಡ, ರತ್ನಮ್ಮನ ಎದೆಯೊಳಗೆ ಹಳೆಯ ಕಿಚ್ಚು ಭಗ್ಗೆಂದಿತು. ಆದರೂ ಅವಳು ಕಣ್ಣು ತಪ್ಪಿಸಿ ಮೆಟ್ಟಿಲಿಳಿಯಲಿಲ್ಲ. ಎರಡು ದಿನದಲ್ಲಿ ಮೂರು ಕಡೆ ಹೇಳಿದ್ದಾಗಿತ್ತು, ನಾಲ್ಕನೆಯ ಸಲ ಹೇಳುವುದು ಅಷ್ಟು ಕಷ್ಟವೆನಿಸಲಿಲ್ಲ.

"ಬೆಂಗಳೂರಿಗೆ ಹೋಗೋಳು ನೀನೇನಾ?"

"ನಾನಾ? ಈ ವರ್ಷವೇನಾ ಅಕ್ಕಾ?" ಹುಡುಗಿಯ ಮುಖ ಅರಳಿತು.

"ಹೂಂ. ನಿನ್ನ ನೋಡಿದ್ರೆ ನಂಗೆ ಹೊಟ್ಟೆ ಉರೀತದೆ ಕಣಮ್ಮ."

ಹುಡುಗಿ ತಮಾಷೆಯೆಂದುಕೊಂಡು ಬಾಯಿಗೆ ಕೈ ಅಡ್ಡವಿಟ್ಟು ನಕ್ಕಳು.

"ತಮಾಷೆಯಲ್ಲ, ನಿಜ," ಎಂದಳು ರತ್ನಮ್ಮ. "ಸ್ವಲ್ಪ ಸರ್ಕೋ. ಅವರು ಕರೆಯೋವರೆಗೂ ನಿನ್ನ ಜೊತೆ ಕೂತಿರ್ತೀನಿ."