ಅಡ್ಡ ಹಿಡಿದ ಅಂಗೈ

ಕೆಂಪು ಪಟ್ಟಿ ಅಲ್ಲಾಡುತ್ತಿದೆ, ಅವಳ ಸೊಂಟದ ಬಲಕ್ಕೊಂದು, ಎಡಕ್ಕೊಂದು, ಅವಳು ನಿಂತೇ ಇದ್ದಾಳೆ, ಗಾಳಿಯಿರಬೇಕು, ಅಥವಾ ನನ್ನ ಕಣ್ಣೇ ಕುಣಿಯುತ್ತಿದೆಯೋ ಏನೋ, ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯ ಲಾಂಡ್ರಿಯಿಂದ ನೇರ ಸಿಬ್ಬಂದಿ ಪಂದ್ಯದ ಮೈದಾನಕ್ಕೆ ಬಂದವಳಿಗೆ ಇನ್ನೇನು ಕಂಡೀತು, ಕಣ್ಣು ಮುಚ್ಚಿದರೆ ಬಿಳಿ ಹಾಸಿಗೆ ಬಟ್ಟೆ, ತೆರೆದರೆ ಕೆಂಪು ಪಟ್ಟಿ — ಮುಖ ನೋಡ್ಬೇಡ, ಸೊಂಟ ನೋಡು, ಮುಖ ಒಂದ್ಕಡೆ ತೋರಿಸುತ್ತೆ, ಆಳು ಇನ್ನೊಂದ್ಕಡೆ ಓಡುತ್ತೆ, ಅಂತ ನಮ್ಮ ಕೋಚು, ಅಂದರೆ ಗೇಟಿನ ಸೆಕ್ಯುರಿಟಿಯವನು, ಬೆಳಿಗ್ಗೆಯಿಂದ ಅದೇ ಪುರಾಣ, ಚೆಂಡು ಬೇರೆಯವರು ನೋಡ್ಕೋತಾರೆ, ನೀನು ಎದುರು ಟೀಮಿನ ನಿನ್ನ ತಂಗಿ ಒಬ್ಬಳನ್ನೇ ಹಿಡ್ಕೋ, ಅವಳು ನೀರು ಕುಡಿಯೋಕೆ ಹೋದ್ರೂ ಹಿಂದೇನೇ ಹೋಗು. ಇವನೇನು ಹೊಸದಾಗಿ ಹೇಳಿಕೊಡುವುದು, ಅವಳು ಹುಟ್ಟಿದಾಗಿನಿಂದ ನನಗೆ ಅದೇ ಕೆಲಸ, ಅಮ್ಮ ಕೆಲಸಕ್ಕೆ ಹೊರಟರೆ ಇವಳ ಫ್ರಾಕಿನ ಹಿಂದಿನ ಪಟ್ಟಿ ಕಟ್ಟುವುದು ನಾನು, ಗಂಟು ಬಿಗಿಯುವ ಮೊದಲೇ ಓಟ, ಪಟ್ಟಿಯ ತುದಿ ಹಿಡಿದು ಎಳೆದರೆ ಕೇಕೆ ಹಾಕಿ ನಗುತ್ತಿದ್ದಳು. ಈಗಲೂ ಎಳೆಯಬೇಕಾದದ್ದು ಅದನ್ನೇ, ಚೆಂಡು ಹಿಡಿದವಳ ಪಟ್ಟಿ ಕಿತ್ತರೆ ಅವಳ ಓಟ ಅಲ್ಲಿಗೆ ಮುಗಿಯಿತು, ಆದರೆ ಮೈ ತಾಗಬಾರದು, ಹಾವೂ ಸಾಯಬೇಕು ಕೋಲೂ ಮುರಿಯಬಾರದು. ನಗು ಮಾತ್ರ ಇಲ್ಲ. ಹೋದ ವರ್ಷ ಅವಳ ಹೊಟ್ಟೆಯಲ್ಲಿದ್ದದ್ದು ನಿಲ್ಲಲಿಲ್ಲ, ಮೊದಲೇ ಊರಿಗೆಲ್ಲ ಗೊತ್ತಾಗಿತ್ತು, ಸಮಾಧಾನ ಹೇಳುವವರ ಸಾಲು ಮೆಟ್ಟಿಲವರೆಗೆ, ಇನ್ಮೇಲೆ ಯಾರಿಗೂ ಏನೂ ಹೇಳಲ್ಲ, ನಿನಗೂ ಅಷ್ಟೇ ಅಕ್ಕಾ, ಅಂದವಳು ಮಾತು ಉಳಿಸಿಕೊಂಡಳು. ಈಚೆಗೆ ಎಕ್ಸ್‌ರೇ ಕೋಣೆ ಬಿಟ್ಟು ಕಡತಗಳ ಕೋಣೆಗೆ ಹೋಗಿದ್ದಾಳಂತೆ, ಅದೂ ನನಗೆ ಇಸ್ತ್ರಿ ಮಾಡುವವಳಿಂದ ತಿಳಿಯಬೇಕು, ಸೀಸದ ಏಪ್ರನ್ ಹೊತ್ತು ಬೆನ್ನು ನೋವಂತೆ, ಬೆನ್ನು ನೋವಿನವಳು ಹೀಗೆ ಓಡುತ್ತಾಳೆಯೇ —

ಹೊರಟಳು. ಬಲಕ್ಕೆ ಮುಖ, ಎಡಕ್ಕೆ ಸೊಂಟ, ನಾನು ಎಡಕ್ಕೆ, ಮಂಡಿ ಮಾತ್ರ ಬಲಕ್ಕೆ, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತಾಗಿದೆ ನನ್ನ ಈ ದೇಹ, ಆದರೂ ಹಿಂದೆಯೇ ಇದ್ದೇನೆ, ಅವಳ ಉಸಿರು ಕೇಳಿಸುತ್ತದೆ, ಚೆಂಡು ಬಂತು, ಹಿಡಿದಳು, ತಿರುಗಿದಳು, ಎಡಗಡೆಯ ಪಟ್ಟಿ ನನ್ನ ಬೆರಳಿಗೆ ಇನ್ನೇನು ಸಿಕ್ಕಿತು ಅನ್ನುವಾಗ ಅವಳ ಎಡಗೈ ಅಡ್ಡ ಬಂತು. ಫೌಲ್, ಅಂತ ಕೂಗಿದೆ, ಗಂಟಲು ಹರಿಯುವ ಹಾಗೆ, ಕೈಯಿಂದ ಪಟ್ಟಿ ಮುಚ್ಚುವಂತಿಲ್ಲ, ಅದು ನಿಯಮ, ಸೀಟಿ, ಎಲ್ಲರೂ ನಿಂತರು, ರೆಫರಿಯಾಗಿದ್ದ ಫಿಸಿಯೋ ಬಂದು, ಕೈ ಎಲ್ಲಿತ್ತು ತೋರಿಸಿ, ಅಂದ. ತೋರಿಸಲು ನೋಡಿದೆ. ಕೈ ಇನ್ನೂ ಅಲ್ಲೇ ಇತ್ತು. ಪಟ್ಟಿಯ ಮೇಲಲ್ಲ. ಸ್ವಲ್ಪ ಮುಂದೆ, ಹೊಕ್ಕುಳಿನ ಕೆಳಗೆ, ಅಂಗೈ ಅಗಲಿಸಿ, ಮೃದುವಾಗಿ, ಬಸ್ಸಿನ ನೂಕುನುಗ್ಗಲಿನಲ್ಲಿ ಹೋದ ವರ್ಷ ಹಿಡಿಯುತ್ತಿದ್ದಳಲ್ಲ, ಹಾಗೆಯೇ. ಎಕ್ಸ್‌ರೇ ಕೋಣೆ. ಬೆನ್ನು ನೋವು. ಅಯ್ಯೋ ನನ್ನ ಮಂದಬುದ್ಧಿಯೇ. ಹಾಗಾದರೆ ಮೈದಾನಕ್ಕೇಕೆ ಬಂದೆ ಮಾರಾಯ್ತಿ, ಬರದಿದ್ದರೆ ಯಾಕೆ ಬರಲಿಲ್ಲ ಅಂತ ಕೇಳುವವರು ಇಲ್ಲಿ ಎಷ್ಟು ಜನ, ಅದಕ್ಕೇ ಬಂದಿದ್ದಾಳೆ, ಮುಚ್ಚಿಡಲು ಓಡುತ್ತಿದ್ದಾಳೆ. ನನಗೂ ಹೇಳಲಿಲ್ಲವಲ್ಲ, ನೋವಾಯಿತು, ಸಂತೋಷ ಪಡೋಣವೆಂದರೆ ಭಯ ಮೊದಲು ಬಂತು. ಮುಖ ನೋಡಬಾರದು, ನೋಡಿಬಿಟ್ಟೆ. ಬೇಡ ಅಕ್ಕಾ, ಅನ್ನುತ್ತಿತ್ತು ಮುಖ. ಇಲ್ಲ ಸಾರ್, ಕೈ ಇರಲಿಲ್ಲ, ನಿದ್ದೆಗಣ್ಣು, ಬಿಟ್ಬಿಡಿ. ಕೋಚು ತಲೆ ಚಚ್ಚಿಕೊಂಡ, ಕರುಳು ಕರುಳಿಗೇ ಸೇರ್ತಪ್ಪಾ ಅಂದ ಯಾರೋ, ಅನ್ನಲಿ.

ಮತ್ತೆ ಆಡಿ, ಕೊನೆಯದು, ಅಂದ ಫಿಸಿಯೋ. ಒಬ್ಬಳನ್ನೇ ಹಿಡಿದುಕೊಳ್ಳಬೇಕು, ಹಿಡಿದುಕೊಳ್ಳುತ್ತೇನೆ, ಪಟ್ಟಿಯ ಯೋಚನೆ ಬಿಟ್ಟುಹೋಯಿತು, ಅವಳ ಸುತ್ತ ಯಾರು, ಎಷ್ಟು ದೂರ, ಅಷ್ಟೇ, ಚೆಂಡು ಎತ್ತರಕ್ಕೆ ಬಂತು, ಅವಳು ಹಿಡಿದಳು, ಆಚೆಯಿಂದ ನಮ್ಮ ಟೀಮಿನವಳೇ, ಅಡುಗೆಮನೆಯ ಬುಲ್ಡೋಜರ್, ಚೆಂಡಿನ ಮೇಲೆ ಕಣ್ಣು ನೆಟ್ಟು ನುಗ್ಗುತ್ತಿದ್ದಾಳೆ, ಅವಳಿಗೆ ನಿಲ್ಲಲು ಬರುವುದಿಲ್ಲ, ಎಂದೂ ಬಂದಿಲ್ಲ, ನಾನು ನಡುವೆ ಹೋದೆ. ಭುಜವೋ ಪಕ್ಕೆಯೋ, ಏನೋ ಸದ್ದಾಯಿತು, ಹುಲ್ಲು ಬಾಯಿಗೆ ಬಂತು. ನೀನ್ಯಾವ ಟೀಮೇ, ಬುಲ್ಡೋಜರ್ ಕಿರುಚುತ್ತಿದ್ದಾಳೆ. ಆಚೆ ತುದಿಯ ಗೆಲುವಿನ ಗೆರೆಯವರೆಗೆ ದಾರಿ ಖಾಲಿ, ಓಡು, ಓಡೇ, ಅವರ ಕಡೆಯವರು ಕೂಗುತ್ತಿದ್ದಾರೆ, ಅವಳು ಓಡಲಿಲ್ಲ, ಚೆಂಡು ಬಿಟ್ಟಳು, ಬಗ್ಗಿ ಬಲಗೈ ಚಾಚಿದಳು, ಅಕ್ಕಾ, ಏಳು. ಎಷ್ಟು ದಿನವಾಗಿತ್ತು ಆ ಶಬ್ದ ಕೇಳಿ. ಹಿಡಿದರೆ ನನ್ನ ಭಾರ ಅವಳು ಎಳೆಯಬೇಕು, ಎಳೆಯಬಾರದು, ಹಿಡಿಯದಿದ್ದರೆ ಸಿಟ್ಟು ಅಂದುಕೊಂಡಾಳು, ಬೇಡ ಕಣೇ ಅಂದರೆ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಹಿಡಿದೆ. ಮಂಡಿಯ ಮೇಲೆ ಎದ್ದೆ, ಹಾಳು ಮಂಡಿ, ಅವಳ ಕೈಗೆ ಒಂದಿಷ್ಟೂ ಭಾರ ಹಾಕದೆ. ಭಾರ ಬರಲಿಲ್ಲ ಎಂದು ಅವಳಿಗೆ ಗೊತ್ತಾಯಿತು. ಬೆರಳು ಬಿಗಿಯಾದವು, ನನ್ನನ್ನೇ ನೋಡಿದಳು, ನಾನು ಮುಖ ನೋಡಲಿಲ್ಲ, ಇನ್ನೊಂದು ಕೈ ನೋಡಿದೆ, ಎಡಗೈ, ಅಲ್ಲೇ ಇದೆ, ಅಗಲಿಸಿದ ಅಂಗೈ, ಅಲ್ಲೇ