ಈ ಊರಿನ ಮಿಜಾಜು

"ಆ ಫ್ಯಾನು ಆರಿಸಿ," ಎಂದ ತ್ಯಾಗಿ. "ಮೈಕಿನಲ್ಲಿ ಅದರ ಸದ್ದೇ ಕೇಳಿಸ್ತಿದೆ."

ಜೂನ್ ತಿಂಗಳ ಮಧ್ಯಾಹ್ನ. ಘಾಜಿಯಾಬಾದಿನಲ್ಲಿ ಆ ಹೊತ್ತಿಗೆ ಫ್ಯಾನು ಆರಿಸಿ ಎನ್ನುವವನು ಒಂದೋ ಹುಚ್ಚನಾಗಿರಬೇಕು, ಇಲ್ಲ ಟೀವಿಯವನಾಗಿರಬೇಕು. ಸುಪ್ರೀತಾ ಗಲ್ಲಾದ ಹಿಂದಿನಿಂದಲೇ ಕೈಚಾಚಿ ಸ್ವಿಚ್ಚನ್ನು ಪಟ್ಟೆಂದು ಒತ್ತಿದಳು. ಊಟದ ಗಿರಾಕಿಗಳು ಹೋಗಿ ಸಂಜೆಯವರು ಬರುವ ಮುಂಚಿನ ಬಿಡುವು ಅದು. ನಡುವಿನ ಮೇಜಿನಲ್ಲಿ ಹೊಸ ಶರ್ಟು ತೊಟ್ಟು ಕೂತಿದ್ದ ಅವಳ ಅಪ್ಪ ಐತಪ್ಪ, ಕಾಲರಿಗೆ ಸಿಕ್ಕಿಸಿದ ಮೈಕನ್ನು ಚೇಳೋ ಏನೋ ಎಂಬಂತೆ ಬಗ್ಗಿ ಬಗ್ಗಿ ನೋಡಿಕೊಳ್ಳುತ್ತಿದ್ದ.

ಮೆಟ್ರೋ ಇನ್ನೂ ಈ ಕಡೆ ಬಂದಿರದ ಕಾಲ. ಬಡಾವಣೆಯ ಕೇಬಲ್ಲಿನವರು ಸ್ವಂತ ಚಾನೆಲ್ಲೊಂದನ್ನು ಇಟ್ಟುಕೊಂಡು, ಮದುವೆ ಹಾಲಿನ ಜಾಹೀರಾತುಗಳ ನಡುವೆ ಭಾನುವಾರ ಸಂಜೆ 'ಶಹರ್ ಕಾ ಮಿಜಾಜ್' ಎಂಬ ಸಂದರ್ಶನ ಹಾಕುತ್ತಿದ್ದರು. ಈ ಊರು ಯಾಕೆ ಹೀಗಿದೆ, ಇದರ ಸ್ವಭಾವವನ್ನು ತಿದ್ದಿದವರು ಯಾರು, ಕೆಡಿಸಿದವರು ಯಾರು ಎಂದು ವಾರಕ್ಕೊಬ್ಬರನ್ನು ಕೂರಿಸಿ ಕೇಳುವುದು. ಕಬ್ಬಿಣದ ಕಾರ್ಖಾನೆಯ ಹಳೆಯ ಮೇಸ್ತ್ರಿ, ದೇಶ ಒಡೆದಾಗ ಲಾಹೋರಿನಿಂದ ಬಂದು ಮಿಠಾಯಿ ಅಂಗಡಿ ಇಟ್ಟ ಮುದುಕ, ಒಬ್ಬ ಕುಸ್ತಿಪಟು, ಎಲ್ಲರದ್ದೂ ಮುಗಿದ ಮೇಲೆ ಸುಪ್ರೀತಾಳೇ ಕೇಬಲ್ಲಿನ ಆಫೀಸಿಗೆ ಹೋಗಿ, ನಮ್ಮ ಹೋಟೆಲನ್ನು ಯಾಕೆ ಬಿಟ್ಟಿದ್ದೀರಿ ಎಂದು ಜಗಳ ಕಾದು ಬಂದಿದ್ದಳು. ಅಪ್ಪನಿಗೆ ಎದೆಯ ಆಪರೇಷನ್ನಾದಂದಿನಿಂದ ಹೋಟೆಲು ನಡೆಸುತ್ತಿದ್ದವಳು ಅವಳು. ಅಪ್ಪ ಟೀವಿಯಲ್ಲಿ 'ಈಗ ಎಲ್ಲ ನನ್ನ ಮಗಳದ್ದೇ' ಎಂದು ಒಂದೇ ಒಂದು ಮಾತು ಆಡಿಬಿಟ್ಟರೆ ಸಾಕು ಎಂದು ಆಸೆಪಟ್ಟಿದ್ದಳು. ಬಾಯಿಬಿಟ್ಟು ಕೇಳುವುದಕ್ಕೆ ಮಾತ್ರ ಅವಳ ಜಂಬ ಬಿಡುತ್ತಿರಲಿಲ್ಲ.

ತ್ಯಾಗಿಗೆ ನೆಟ್ಟಗೆ ಕೇಳುವ ಅಭ್ಯಾಸವಿರಲಿಲ್ಲ. ಕೆಣಕುವುದೇ ಸಂದರ್ಶನ ಎಂದು ಯಾರೋ ಪುಣ್ಯಾತ್ಮರು ಅವನಿಗೆ ಹೇಳಿಕೊಟ್ಟಿದ್ದರು. "ನೀವು ಮದ್ರಾಸಿಗಳು ಇಲ್ಲಿಗೆ ಬಂದು ಚೆನ್ನಾಗಿ ಸಂಪಾದಿಸಿದಿರಿ. ಊರಿಗೆ ಏನು ಕೊಟ್ಟಿರಿ?" ಎಂದ ಹಿಂದಿಯಲ್ಲಿ.

"ಮದ್ರಾಸಿ ಅಲ್ಲ. ಮಂಗಳೂರು ಕಡೆಯವರು," ಎಂದ ಐತಪ್ಪ.

"ಎಲ್ಲ ಒಂದೇ ಅಲ್ವಾ?"

"ನಿಮ್ಮನ್ನು ಪಂಜಾಬಿ ಅಂತ ಕರೆದರೆ ಆದೀತಾ?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹಳೆಯ ಸಪ್ಲಯರ್ ಕೆಂಪಣ್ಣ ಕಿಸಕ್ಕನೆ ನಕ್ಕ. ಭಲೆ ಅಪ್ಪ, ಎಂದುಕೊಂಡಳು ಸುಪ್ರೀತಾ.

"ಏನು ಕೊಟ್ಟಿರಿ ಅಂತ ಕೇಳಿದಿರಲ್ಲ," ಐತಪ್ಪ ಹುರುಪಿಗೆ ಬಂದಿದ್ದ. ಅವನ ಹಿಂದಿಗೆ ಈಗಲೂ ಕಡಲ ತೀರದ ರಾಗವಿತ್ತು. "ಮೊದಲು ಈ ಊರಿನ ಗಂಡಸರು ನಾಲ್ಕು ಜನ ಕೂತು ಮಾತಾಡಬೇಕಾದರೆ ನಡುವೆ ಬಾಟಲಿ ಬೇಕಿತ್ತು. ಹೆಂಡತಿ ಮಕ್ಕಳನ್ನು ಕರಕೊಂಡು ಹೋಗುವ ಜಾಗ ಒಂದೂ ಇರಲಿಲ್ಲ. ನನ್ನ ಸೋದರಮಾವ ಈ ಹೋಟೆಲು ತೆರೆದ ಮೇಲೆ ಸಂಸಾರ ಸಮೇತ ಬಂದು ಕೂತರು. ಹೆಂಡತಿ ಎದುರಿಗಿದ್ದಾಗ ಎಂಥವನೂ ಬಾಯಿ ಬಿಗಿಹಿಡಿದು ಮಾತಾಡ್ತಾನೆ. ಊರಿನ ಬಾಯನ್ನು ಸ್ವಲ್ಪ ತೊಳೆದದ್ದು ನಾವು."

"ಅಚ್ಛಾ. ನಿಮ್ಮ ನಂತರ ತೊಳೆಯುವವರು ಯಾರು?"

ಸುಪ್ರೀತಾ ಗಲ್ಲಾದ ಅಂಚಿಗೆ ಒರಗಿದಳು.

"ರೋಹಿತ," ಎಂದ ಐತಪ್ಪ, ಒಂದು ಚೂರೂ ತಡವರಿಸದೆ. "ನನ್ನ ಅಕ್ಕನ ಮಗ. ಮಾನೇಸರಿನಲ್ಲಿ ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನಮ್ಮಲ್ಲಿ ಪದ್ಧತಿ ಹಾಗೆ, ಮಾವನದ್ದು ಸೋದರಳಿಯನಿಗೆ. ನನಗೂ ಇದು ಹಾಗೇ ಬಂದದ್ದು."

"ಮತ್ತೆ ಇವರು?" ತ್ಯಾಗಿ ಕ್ಯಾಮೆರಾದವನಿಗೆ ಗಲ್ಲಾದ ಕಡೆ ತಿರುಗಿಸು ಎಂದು ಸನ್ನೆ ಮಾಡಿದ.

"ಅವಳು ಮಗಳು. ಸ್ವಲ್ಪ ಸಹಾಯ ಮಾಡ್ತಾಳೆ."

ಸ್ವಲ್ಪ ಸಹಾಯವಂತೆ! ಕಾರ್ಪೊರೇಷನ್ನಿನವರು ಬೋರ್ಡು ಕಿತ್ತುಹಾಕಲು ಬಂದಾಗ ನಡುರಸ್ತೆಯಲ್ಲಿ ನಿಂತು ಕಿರುಚಿದವಳು ಯಾರು? ಗ್ಯಾಸು ಸಿಗದ ಚಳಿಗಾಲದಲ್ಲಿ ಏಜೆನ್ಸಿಯವನ ಮನೆ ಬಾಗಿಲು ಬಡಿದವಳು ಯಾರು? ಕುಡಿದು ಬಂದು ಗಲಾಟೆ ಮಾಡಿದವರ ಕುತ್ತಿಗೆಪಟ್ಟಿ ಹಿಡಿದು ದಬ್ಬಿದವಳು ಯಾರು? ಸುಪ್ರೀತಾಳ ಮುಖ ಹೇಗಾಗಿತ್ತೋ ಏನೋ, ಕ್ಯಾಮೆರಾ ಅದನ್ನು ಬಿಡಲೇ ಇಲ್ಲ.

ತ್ಯಾಗಿ ವೈರು ಸುತ್ತುವಾಗ ಅವಳು ಹೋಗಿ, "ಕೊನೆಯ ಮಾತು ತೆಗೆದುಬಿಡಿ," ಎಂದಳು.

"ಮ್ಯಾಡಮ್, ಇಡೀ ಇಂಟರ್‌ವ್ಯೂನಲ್ಲಿ ನೋಡುವ ಹಾಗಿರೋದು ಅದೊಂದೇ," ಎಂದು ಅವನು ಹಲ್ಲುಕಿರಿದ.

ಆ ರಾತ್ರಿಯ ಊಟದ ಹೊತ್ತಿಗೆ ಹೋಟೆಲಿನ ಮೇಲಿನ ಮನೆ ರಣರಂಗವಾಯಿತು. ಸುಪ್ರೀತಾ ತಟ್ಟೆಯನ್ನು ಮುಟ್ಟದೆ, "ನಾನೇನು ನಿಮ್ಮ ನೌಕರಳಾ ಪಪ್ಪಾ?" ಎಂದಳು.

ಐತಪ್ಪನಿಗೆ ನಿಜವಾಗಿಯೂ ಆಶ್ಚರ್ಯ. "ಎಂತ ಮಾತಾಡ್ತಿ ನೀನು? ನನ್ನ ಮಾವನಿಗೆ ಮೂವರು ಗಂಡುಮಕ್ಕಳಿದ್ದರು. ಅವರನ್ನು ಬಿಟ್ಟು, ಮೀಸೆ ಬಾರದ ನನ್ನನ್ನು ಊರಿಂದ ಕರೆಸಿ ಈ ಹೋಟೆಲು ಕೊಟ್ಟರು. ಆ ಮೂವರು ಒಂದು ದಿನ ತುಟಿ ಪಿಟಕ್ಕೆನ್ನಲಿಲ್ಲ. ಅಕ್ಕನ ಮಗನಿಗೆ ಕೊಡದಿದ್ದರೆ ನಾನು ಊರಿಗೆ ಯಾವ ಮುಖ ಹೊತ್ತು ಹೋಗಲಿ?"

"ಅವರು ಅನ್ನಲಿಲ್ವೋ, ನಿಮಗೆ ಕೇಳಿಸಲಿಲ್ವೋ?"

ಐತಪ್ಪ ತುತ್ತು ಕೈಯಲ್ಲೇ ಹಿಡಿದು ಅವಳನ್ನು ನೋಡಿದ. ಆಮೇಲೆ ಮಗುವಿಗೆ ಮಿಠಾಯಿ ತೋರಿಸುವವನ ದನಿ ತೆಗೆದು ಹೇಳಿದ: "ನಿನಗೆ ಹೋಟೆಲೇ ಬೇಕಲ್ಲ ಮಾರಾಯ್ತಿ? ರೋಹಿತನನ್ನು ಮದುವೆಯಾಗು. ಮಾವನ ಮಗಳು, ಅತ್ತೆಯ ಮಗ. ಇದಕ್ಕಿಂತ ಒಳ್ಳೆಯ ಸಂಬಂಧ ಎಲ್ಲುಂಟು? ಅಕ್ಕನೂ ನಾನೂ ಯಾವಾಗಲೋ ಮಾತಾಡಿಕೊಂಡದ್ದೇ."

"ರೋಹಿತ್ ಭೈಯಾನ? ಪಾಗಲ್ ಹೋ ಗಯೇ ಹೋ ಕ್ಯಾ? ನಾನು ಅವನಿಗೆ ರಾಖಿ ಕಟ್ಟಿದ್ದೀನಿ! ಹರ್ ಸಾಲ್, ಪ್ರತಿವರ್ಷ!"

"ಅದು ಇಲ್ಲಿಯವರ ಆಟ. ನಮ್ಮಲ್ಲಿ ಅದೆಲ್ಲ ಉಂಟಾ?"

ಆಟ ಶುರುಮಾಡಿದ್ದು ಅವಳಮ್ಮ ಲೋಲಾಕ್ಷಿ. ಓದಲೆಂದು ಬಂದ ರೋಹಿತ ಇದೇ ಮನೆಯಲ್ಲಿ ಬೆಳೆದ. ಅಕ್ಕಪಕ್ಕದ ಹುಡುಗರೆಲ್ಲ ಕೈತುಂಬ ದಾರ ಕಟ್ಟಿಸಿಕೊಂಡು ಮೆರೆಯುವಾಗ ಇವನ ಕೈ ಬೋಳಾಗಿತ್ತು. ನೋಡಲಾರದೆ ಲೋಲಾಕ್ಷಿ, ಹೋಗೇ, ನೀನೂ ಅವನಿಗೊಂದು ಕಟ್ಟು ಎಂದಿದ್ದಳು. ಊರಲ್ಲಿ ಮದುವೆಗೆ ತಕ್ಕವನನ್ನು ಘಾಜಿಯಾಬಾದಿನಲ್ಲಿ ಅಣ್ಣನನ್ನಾಗಿ ಮಾಡಿಬಿಟ್ಟಿದ್ದೇನೆ ಎಂದು ಆಗ ಅವಳ ತಲೆಗೆ ಹೊಳೆದಿರಲಿಲ್ಲ.

"ಎಲ್ಲ ನಿನ್ನಿಂದಲೇ ಆದದ್ದು," ಎಂದು ಐತಪ್ಪ ಹೆಂಡತಿಯ ಮೇಲೆ ಹಾರಿಬಿದ್ದ.

ಲೋಲಾಕ್ಷಿ ಸಾರಿನ ಪಾತ್ರೆಯನ್ನು ಕುಕ್ಕಿ ಇಟ್ಟಳು. "ಹೌದು, ನನ್ನಿಂದಲೇ. ನಿಮ್ಮ ಪದ್ಧತಿ ಪ್ರಕಾರ ನನ್ನ ತಮ್ಮನದ್ದು ನನ್ನ ಮಕ್ಕಳಿಗೆ ಬರಬೇಕಿತ್ತು. ಅವನು ಕಾಲ ಬದಲಾಯ್ತು ಅಂತ ತನ್ನ ಮಕ್ಕಳಿಗೆ ಬರೆದುಕೊಟ್ಟ. ನೀವು ಬದಲಾಗಲಿಲ್ಲ ಅಂತ ಅಳಿಯನಿಗೆ ಕೊಡ್ತೀರಿ. ಎರಡೂ ಕಡೆಯಿಂದ ಏಟು ತಿನ್ನಲಿಕ್ಕೆ ನನ್ನ ಮಗಳೇ ಸಿಕ್ಕಿದ್ದಾ?"

ಐತಪ್ಪ ಕೈತೊಳೆದು ಎದ್ದುಹೋದ. ಮಾತು ಸೋತಾಗ ಎದೆಯ ಮೇಲೆ ಕೈಯಿಟ್ಟುಕೊಂಡು ಎದ್ದುಹೋಗುವುದು ಆಪರೇಷನ್ನಾದ ಮೇಲೆ ಅವನು ಕಲಿತ ವಿದ್ಯೆ.

ಭಾನುವಾರ ಸಂದರ್ಶನ ಬಂತು. ತ್ಯಾಗಿ ಒಂದು ಮಾತನ್ನೂ ಕತ್ತರಿಸಿರಲಿಲ್ಲ. ಅದು ಸಾಲದೆಂದು, ಸುಪ್ರೀತಾಳ ಮುಖದ ಕೆಳಗೆ ಕೆಂಪು ಅಕ್ಷರದಲ್ಲಿ 'ಬೇಟಿ ಕೋ ಕುಛ್ ನಹೀ' ಎಂದು ಓಡಿಸಿದ್ದ. ಮಗಳಿಗೆ ಏನೂ ಇಲ್ಲ! ಮರುದಿನ ಬೆಳಿಗ್ಗೆ ಹಾಲಿನವನು, ಕೊತ್ತಂಬರಿಯವನು, ಎದುರಿನ ಬ್ಯೂಟಿ ಪಾರ್ಲರಿನವಳು ಎಲ್ಲರೂ ಅವಳನ್ನು ಸಾವಿನ ಮನೆಯವರನ್ನು ಮಾತಾಡಿಸುವ ಹಾಗೆ ಮಾತಾಡಿಸಿದರು. ಅವರ ಕನಿಕರ ಕಂಡು ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಮಧ್ಯಾಹ್ನ ಹೋಟೆಲು ಗಿಜಿಗುಡುತ್ತಿದ್ದಾಗ ರೋಹಿತನ ಮೋಟರ್‌ಸೈಕಲ್ಲು ಬಂದು ನಿಂತಿತು. ಕಾರ್ಖಾನೆಗೆ ರಜೆ ಹಾಕಿ ಬಂದಿದ್ದ. ಗಡ್ಡ ನುಣ್ಣಗೆ ಕೆರೆದಿದ್ದ. ಐತಪ್ಪ ಅವನ ಹೆಗಲ ಮೇಲೆ ಕೈಹಾಕಿ ನೇರವಾಗಿ ಗಲ್ಲಾದ ಹತ್ತಿರ ಕರೆತಂದ.

"ಏಳು," ಎಂದ ಮಗಳಿಗೆ. "ಇವತ್ತಿನಿಂದ ಅವನೂ ಸ್ವಲ್ಪ ಕೂತು ಕಲಿಯಲಿ."

"ನಾನು ಏಳಲ್ಲ."

"ಗಿರಾಕಿಗಳಿದ್ದಾರೆ, ಮರ್ಯಾದೆ ತೆಗೀಬೇಡ. ಏಳು ಅಂದೆ."

ರೋಹಿತ ಮೆಲ್ಲಗೆ, "ಸುಪ್ಪಿ, ಮಾಮ ಎಲ್ಲರ ಮುಂದೆ ಹೇಳಿಯಾಗಿದೆ. ನೀನು ಅಡುಗೆಮನೆ ನೋಡ್ಕೋ, ನಾನು ಇದನ್ನ ನೋಡ್ಕೋತೀನಿ. ಕ್ಯಾ ಪ್ರಾಬ್ಲಮ್ ಹೈ?" ಎಂದ. ಕೆಟ್ಟವನಲ್ಲ ಅವನು. ಅವಳಿಗೆ ಸೈಕಲ್ಲು ಕಲಿಸಿದವನು. ಆದರೆ 'ಅಡುಗೆಮನೆ ನೋಡ್ಕೋ' ಎಂದನಲ್ಲ, ಅಲ್ಲಿಗೆ ಅವಳೊಳಗೆ ಉಳಿದಿದ್ದ ದಾಕ್ಷಿಣ್ಯವೂ ಹೋಯಿತು.

ಅವಳು ಎದ್ದುನಿಂತಳು, ಗಲ್ಲಾ ಬಿಟ್ಟು ಕದಲಲಿಲ್ಲ. ಹಿಂದಿಯಲ್ಲಿ, ಮೂಲೆಯ ಮೇಜಿನವರಿಗೂ ಕೇಳುವ ಹಾಗೆ ದನಿಯೆತ್ತಿದಳು. "ಭೈಯಾ, ಪ್ರತಿವರ್ಷ ನಾನು ರಾಖಿ ಕಟ್ಟಿದ ಕೈ ಇದೇ ಅಲ್ವಾ? ಇದೇ ಕೈಯಲ್ಲಿ ನನ್ನನ್ನ ಹಿಡಿದೆಳೆದು ಹೊರಗೆ ಹಾಕು. ಹಾಕು, ಎಲ್ಲರೂ ನೋಡಲಿ."

ದೋಸೆ ಮುರಿಯುತ್ತಿದ್ದ ಕೈಗಳು ನಿಂತವು. ಕಿಟಕಿಯ ಪಕ್ಕದ ಮೇಜಿನಿಂದ ಪ್ರಾಪರ್ಟಿ ಡೀಲರ್ ಚೌಧರಿ ಎದ್ದ. ಈ ಚೌಧರಿ ಹೋದ ಚಳಿಗಾಲದಲ್ಲಷ್ಟೇ ತನ್ನ ಇಬ್ಬರು ಅಕ್ಕಂದಿರಿಂದ ಜಮೀನಿನ ಹಕ್ಕು ಬಿಡಿಸಿಕೊಂಡು, ಅದೇ ಖುಷಿಗೆ ಹತ್ತಾರು ಜನರನ್ನು ಕರೆತಂದು ಇಲ್ಲೇ ದೋಸೆ ತಿನ್ನಿಸಿದ್ದ. ಅದು ಸುಪ್ರೀತಾಳಿಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕು ಜನರ ಮುಂದೆ ಅವನು ಹೇಗಾಡುತ್ತಾನೆ ಎನ್ನುವುದೂ ಗೊತ್ತಿತ್ತು.

"ಬೆಹನ್ ಕಾ ಹಕ್ ಖಾಯೇಗಾ?" ಎಂದು ಚೌಧರಿ ಗುಡುಗಿದ. "ತಂಗಿಯ ಹಕ್ಕು ತಿಂದವನಿಗೆ ಈ ಊರಲ್ಲಿ ನೀರೂ ಸಿಗಲ್ಲ, ತಿಳ್ಕೋ!"

ಅಷ್ಟೇ ಸಾಕಾಯಿತು. ಮೇಜುಮೇಜುಗಳಿಂದ ದನಿಗಳೆದ್ದವು. ಥೂ ಎಂದರು, ನಾಚಿಕೆಯಿಲ್ವಾ ಎಂದರು. ಒಬ್ಬಾಕೆ ಎಂಜಲು ಕೈಯಲ್ಲೇ ಎದ್ದುಬಂದು ರೋಹಿತನಿಗೆ ನಿನ್ನ ತಾಯಿ ಇದನ್ನೇ ಕಲಿಸಿದ್ದಾ ಎಂದು ಕೇಳಿದಳು.

"ಇದು ನಮ್ಮ ಪದ್ಧತಿ, ನಮ್ಮಲ್ಲಿ..." ಎಂದು ಐತಪ್ಪ ಕೈಯೆತ್ತಿದ. ಯಾರಿಗೂ ಕೇಳಿಸಲಿಲ್ಲ. ಅವನು ಅಷ್ಟು ವರ್ಷ ತೊಳೆದಿದ್ದೇನೆಂದು ಹೆಮ್ಮೆಪಟ್ಟುಕೊಂಡಿದ್ದ ಬಾಯಿಗಳಿಂದ, ಅವನದೇ ಹೋಟೆಲಿನಲ್ಲಿ, ಹೆಂಗಸರು ಮಕ್ಕಳ ಎದುರಿಗೇ ಬೈಗುಳ ಉದುರಿದವು.

ರೋಹಿತ ಕೆಂಪೇರಿದ. "ಯೇ ಠೀಕ್ ನಹೀ ಕಿಯಾ ತೂನೇ," ಎಂದ, ಅವಳಿಗಷ್ಟೇ ಕೇಳುವ ಹಾಗೆ. "ಇದು ಸರಿಯಲ್ಲ. ನೀನು ಮನೆಯಲ್ಲಿ ಕೇಳಿದ್ರೆ ನಾನೇ ಬೇಡ ಅಂತಿದ್ದೆನೇನೋ."

"ಅಂತಿರಲಿಲ್ಲ," ಎಂದಳು ಸುಪ್ರೀತಾ. "ಗಲ್ಲಾದಲ್ಲಿ ಕೂರೋಕೆ ಶೇವ್ ಮಾಡ್ಕೊಂಡು ಬಂದಿದ್ದೀಯ."

ಅವನು ಜನರ ನಡುವೆ ದಾರಿ ಮಾಡಿಕೊಂಡು ಹೊರಟ. ಮೋಟರ್‌ಸೈಕಲ್ಲು ಒಂದೇ ಒದೆತಕ್ಕೆ ಶುರುವಾಗದೆ ಅವನು ಬಿಸಿಲಲ್ಲಿ ನಿಂತು ಮತ್ತೆ ಮತ್ತೆ ಒದೆಯುತ್ತಿದ್ದ. ಕೊಳಕು ಕೆಲಸ ಮಾಡಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ಕಟ್ಟುವಾಗ ಮನಸಾರೆ ಕಟ್ಟಿದ್ದ ರಾಖಿ ಅದು, ಇನ್ನು ಯಾವ ವರ್ಷವೂ ಕಟ್ಟಲಾಗುವುದಿಲ್ಲ. ಆದರೂ ಕೂತಳು. ಕೂತು, ಮುಂದಿನವನ ಬಿಲ್ಲು ತೆಗೆದುಕೊಂಡಳು. ಗದ್ದಲ ನಿಧಾನವಾಗಿ ಸಾಂಬಾರಿನ, ಚಮಚಗಳ ಸದ್ದಿನೊಳಗೆ ಇಳಿಯಿತು. ಚೌಧರಿ ಹೋಗುವಾಗ ಅವಳ ತಲೆ ಸವರಿ ಆಶೀರ್ವಾದ ಮಾಡಿದ. ಅವಳು ಹಲ್ಲು ಕಚ್ಚಿಕೊಂಡು ಸವರಿಸಿಕೊಂಡಳು.

ಐತಪ್ಪ ಇನ್ನೂ ಗಲ್ಲಾದ ಎದುರಿಗೇ ನಿಂತಿದ್ದ. ಹಿಂದಿನಿಂದ ಯಾರೋ, "ಅಂಕಲ್, ಸ್ವಲ್ಪ ಸರೀರಿ," ಎಂದರು. ಅವನು ಸರಿದ. ಸರಿಯುತ್ತ ಸರಿಯುತ್ತ ಹೋಗಿ ಕೈತೊಳೆಯುವ ಬೇಸಿನ್ನಿನ ಪಕ್ಕದ, ಯಾರೂ ಕೂರಲು ಇಷ್ಟಪಡದ ಮೇಜಿನಲ್ಲಿ ಕೂತ. ಈ ಸಲ ಎದೆಯ ಮೇಲೆ ಕೈಯಿಟ್ಟುಕೊಳ್ಳಲಿಲ್ಲ. ಎರಡೂ ಕೈಗಳನ್ನು ಒದ್ದೆ ಮೇಜಿನ ಮೇಲೆ ಇಟ್ಟಿದ್ದ.

ಕೆಂಪಣ್ಣ ಒಂದು ಲೋಟ ಕಾಫಿ ಹಿಡಿದು ಅಡುಗೆಮನೆಯಿಂದ ಬಂದ. ಐತಪ್ಪನ ಕಡೆಗೆ ಎರಡು ಹೆಜ್ಜೆ ಹಾಕಿದವನು ಅರ್ಧದಲ್ಲೇ ನಿಂತು, ಗಲ್ಲಾದ ಕಡೆ ತಿರುಗಿ, ಕೊಡಲೇ ಎಂಬಂತೆ ಸುಪ್ರೀತಾಳ ಮುಖ ನೋಡಿದ.

ಕೆಂಪಣ್ಣ ಹಾಗೆ ನೋಡಿದ್ದನ್ನು ಐತಪ್ಪನೂ ನೋಡಿದ.

"ಕೊಡಿ," ಎಂದಳು ಸುಪ್ರೀತಾ.