ಹಬೆಯಂಥ ನೋವು

ಚಾದರದ ಎರಡು ಮೂಲೆ ಅಕ್ಕನ ಕೈಯಲ್ಲಿದ್ದವು, ಇನ್ನೆರಡು ಹೊಸ ಹುಡುಗಿ ಗುಬ್ಬಿಯ ಕೈಯಲ್ಲಿ. ಇಬ್ಬರೂ ಎಳೆದು ಹಿಡಿದಾಗ ಅದು ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಬಟ್ಟೆ ಒಗೆಯುವ ಕೋಣೆಯ ಹಬೆಯಲ್ಲಿ ಒಂದು ಗಳಿಗೆ ತೇಲಿ ನಿಂತಿತು. ಇನ್ನು ಒಬ್ಬರತ್ತ ಒಬ್ಬರು ನಡೆದು ಮೂಲೆಗಳನ್ನು ಕೂಡಿಸಬೇಕು. ಅಕ್ಕ ನಡೆದಳು. ಗುಬ್ಬಿ ನಡೆಯಲಿಲ್ಲ. ಅವಳ ಕೈ ಸಡಿಲಾಗಿ, ಚಾದರದ ಆ ಕಡೆಯ ಅರ್ಧ ಮೆಲ್ಲಗೆ ನೆಲಕ್ಕಿಳಿಯಿತು.

ನೆಲಕ್ಕೆ ತಾಗಿದ ಚಾದರ ಮತ್ತೆ ಒಗೆಯಲು ಹೋಗಬೇಕು. ರೋಗಿಗಳ ಹಾಸಿಗೆಗೆ ಹೋಗುವ ಬಟ್ಟೆ, ಅದರಲ್ಲಿ ಎರಡು ಮಾತಿಲ್ಲ.

“ಬಂತಲ್ಲ, ತಿಂಗಳ ನಾಟಕ,” ಎಂದಳು ಇಸ್ತ್ರಿ ಯಂತ್ರದ ಬಳಿ ನಿಂತಿದ್ದ ದಪ್ಪನೆಯ ಹೆಂಗಸು. ಸದಾ ಏನಾದರೊಂದಕ್ಕೆ ರಾಗ ಎಳೆಯುವ ಅವಳಿಗೆ ಎಲ್ಲರೂ ರಾಗದಮ್ಮ ಎಂದೇ ಹೆಸರಿಟ್ಟಿದ್ದರು.

ಗುಬ್ಬಿ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದಳು. ಕೂರಲು ಅಲ್ಲಿ ಏನೂ ಇರಲಿಲ್ಲ. ಕೂತವರು ಬೇಗ ಏಳುವುದಿಲ್ಲವೆಂದು ಸ್ಟೂಲುಗಳನ್ನೆಲ್ಲ ಹೊರಗೆ ಹಾಕಿಸಿದವಳು ಅಕ್ಕನೇ. ಎಲ್ಲರೂ ಅಕ್ಕ ಎನ್ನುವ ಅವಳದೇ ಆ ಕೋಣೆಯ ಉಸ್ತುವಾರಿ.

“ಸ್ವಲ್ಪ ತಡ್ಕೋ. ನಾವೇನು ಹೆಣ್ಣಾಗಿ ಹುಟ್ಟಿಲ್ವಾ?” ಎಂದಳು ಅಕ್ಕ. “ಇವತ್ತು ಸಂಜೆ ಮ್ಯಾನೇಜರ್ ಕೇಳ್ತಾರೆ, ನಿನ್ನನ್ನ ಕಾಯಂ ಮಾಡೋದೋ ಬೇಡ್ವೋ ಅಂತ. ನಾನು ಏನಂತ ಹೇಳ್ಲಿ?”

“ನಿಮಗೆ ಹೇಗನ್ಸುತ್ತೋ ಹಾಗೆ ಹೇಳಿ ಅಕ್ಕಾ,” ಎಂದಳು ಗುಬ್ಬಿ, ಕಣ್ಣು ಮುಚ್ಚಿಕೊಂಡೇ.

ಅವಳ ಮನೆಯಲ್ಲಿ ದುಡಿಯುವ ಕೈ ಅವಳದೊಂದೇ ಎಂಬುದು ಅಕ್ಕನಿಗೆ ಗೊತ್ತಿತ್ತು. ಆದರೂ ‘ಬೇಡ’ ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು.

“ಹೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡ ಅಕ್ಕಾ,” ರಾಗದಮ್ಮ ಮುಂದುವರಿಸಿದಳು. “ಅವಳು ಬಿಟ್ಟಿದ್ದನ್ನೆಲ್ಲ ನಾನು ಎತ್ಬೇಕು. ನನ್ನ ಮಂಡಿ ನೋವನ್ನ ಯಾರು ಕೇಳ್ತಾರೆ?”

ಅದೂ ಸುಳ್ಳಲ್ಲ.

ಅಷ್ಟರಲ್ಲಿ ಮೇಲಿನ ವಾರ್ಡಿನ ನರ್ಸ್ ಗಾಲಿ ಗಾಡಿ ತಳ್ಳಿಕೊಂಡು ಚಾದರ ಒಯ್ಯಲು ಬಂದಳು. ಗೋಡೆಯ ಬಳಿ ಕಣ್ಣು ನಿಂತಿತು. “ಯಾಕಮ್ಮಾ, ಮುಖ ಹೀಗೆ ಬಿಳಿಚಿಕೊಂಡಿದೆ?”

“ಏನಿಲ್ಲ ಸಿಸ್ಟರ್, ತಿಂಗಳ ಹೊಟ್ಟೆನೋವು. ಮನಸ್ಸಿಗೆ ಹಚ್ಕೊಂಡ್ರೆ ಎಲ್ಲಾ ನೋವೇ,” ಎಂದಳು ರಾಗದಮ್ಮ.

“ಮನಸ್ಸಲ್ಲ, ಹೊಟ್ಟೆಯೊಳಗೆ ನಿಜವಾಗ್ಲೂ ಆಗೋದು ಇದು.” ನರ್ಸ್ ನೆಲದ ಮೇಲಿದ್ದ ಚಾದರವನ್ನೆತ್ತಿ ಎರಡೂ ಕೈಯಿಂದ ತಿರುಚಿದಳು. “ಗರ್ಭಕೋಶ ಹೀಗೆ ತನ್ನನ್ನ ತಾನೇ ಹಿಂಡ್ಕೊಳ್ಳುತ್ತೆ. ಹಿಂಡು ಅಂತ ಅದಕ್ಕೆ ಸುದ್ದಿ ಮುಟ್ಟಿಸೋ ವಸ್ತು ಒಂದಿದೆ, ಪ್ರೊಸ್ಟಾಗ್ಲಾಂಡಿನ್ ಅಂತ. ಕೊಬ್ಬಿನಂಶದಿಂದ ದೇಹವೇ ಅದನ್ನ ಮಾಡ್ಕೊಳ್ಳೋದು. ಕೆಲವರಲ್ಲಿ ಕಡಿಮೆ, ಕೆಲವರಲ್ಲಿ ವಿಪರೀತ.”

“ಕೊಬ್ಬಿಂದಾನಾ? ಈ ಕಡ್ಡಿಯಂಥವಳ ಮೈಯಲ್ಲಿ ಕೊಬ್ಬೆಲ್ಲಿದೆ ಸಿಸ್ಟರ್? ಇದ್ರೆ ನನ್ನ ಹತ್ರ ಇರ್ಬೇಕು.”

ನೋವಿನ ನಡುವೆಯೂ ಗುಬ್ಬಿಯ ತುಟಿ ಅರಳಿತು.

“ಆ ಕೊಬ್ಬಲ್ಲ, ಇದು ಎಲ್ಲರ ಜೀವಕೋಶದ ಪೊರೆಯಲ್ಲೂ ಇರುತ್ತೆ,” ನರ್ಸೂ ನಕ್ಕಳು. “ನಿಮ್ಮ ಮಂಡಿ ಊದ್ಕೊಳ್ಳುತ್ತಲ್ಲ, ಅಲ್ಲೂ ಇದೇ ವಸ್ತುವಿನ ಕೈವಾಡ ಇರುತ್ತೆ. ಸುಟ್ಟ ಜಾಗ ಕೆಂಪಾಗಿ ಊದ್ಕೊಂಡು ನೋಯೋದ್ರಲ್ಲೂ ಅಷ್ಟೇ.”

ರಾಗದಮ್ಮ ತನ್ನ ಮಂಡಿಯನ್ನೊಮ್ಮೆ ಮುಟ್ಟಿ ನೋಡಿಕೊಂಡಳು. ರಾಗ ನಿಂತಿತು.

“ಮತ್ತೆ ಇವಳದು ಕಣ್ಣಿಗೆ ಕಾಣಲ್ವಲ್ಲ?” ಎಂದು ಕೇಳಿದವಳು ಅಕ್ಕ.

“ಒಳಗೇ ಹುಟ್ಟುತ್ತೆ, ಹುಟ್ಟಿದ ಜಾಗದಲ್ಲೇ ಕೆಲಸ ಮುಗಿಸಿ ಕರಗಿಹೋಗುತ್ತೆ. ನಿಮ್ಮ ಈ ಹಬೆ ಇದ್ದ ಹಾಗೆ. ಏನು ಅಂತ ತೋರಿಸ್ತಾಳೆ?” ನರ್ಸ್ ಗುಬ್ಬಿಯತ್ತ ತಿರುಗಿದಳು. “ಕೇಳ್ದೆ ಮಾಡ್ದೆ ಯಾವ್ಯಾವುದೋ ಮಾತ್ರೆ ನುಂಗ್ಬೇಡ. ನಾಳೆ ಮೇಲೆ ಬಾ, ಡಾಕ್ಟರಿಗೆ ತೋರಿಸೋಣ. ಬೇರೆ ಕಾರಣ ಇದೆಯಾ ಅಂತಲೂ ನೋಡ್ತಾರೆ. ಅಲ್ಲೀವರೆಗೆ ಹೊಟ್ಟೆಗೆ ಬಿಸಿ ಕೊಡು.”

ಮಧ್ಯಾಹ್ನ ಗುಬ್ಬಿಯನ್ನು ಮನೆಗೆ ಕಳಿಸಿ, ಅಕ್ಕ ಒಬ್ಬಳೇ ದಿಂಬಿನ ಚೀಲಗಳನ್ನು ಮಡಿಸುತ್ತ ನಿಂತಳು. ಯಂತ್ರ ಒಂದೇ ಲಯದಲ್ಲಿ ಗುನುಗುತ್ತಿತ್ತು. ತಂತಿಗೆ ಹಾಕಿದ ಬಿಳಿ ಬಟ್ಟೆಗಳು ಯಾರೋ ಒಳಗೆ ಮಲಗಿದ್ದಾರೇನೋ ಎಂಬಂತೆ ಮೆಲ್ಲಗೆ ಉಸಿರಾಡುತ್ತಿದ್ದವು. ಅವಳ ಮಣಿಕಟ್ಟಿನ ಮೇಲೆ ಹಳೆಯ ಸುಟ್ಟ ಕಲೆಯೊಂದಿತ್ತು. ಕೈ ಸುಟ್ಟ ದಿನ ಕೋಣೆಗೆ ಕೋಣೆಯೇ ಅವಳನ್ನು ಸುತ್ತುವರಿದಿತ್ತು. ಗಾಳಿ ಬೀಸಿದವಳು ಇದೇ ರಾಗದಮ್ಮ. ಗಾಯ ಮಾಗುವವರೆಗೂ ರಜೆ ಕೊಟ್ಟು ಮನೆಯಲ್ಲಿರು ಎಂದಿದ್ದರು.

ಅದಕ್ಕೂ ಎಷ್ಟೋ ಮುಂಚೆ, ಗುಬ್ಬಿಯ ವಯಸ್ಸಿನಲ್ಲಿ, ಇದೇ ಹೊಟ್ಟೆನೋವಿಗೆ ಒದ್ದೆ ಬಟ್ಟೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಇವೇ ಚಾದರಗಳ ಮರೆಯಲ್ಲಿ ಅವಳು ನಿಂತದ್ದಿತ್ತು. ಆಗ ಯಾರೂ ಬಂದಿರಲಿಲ್ಲ. ಅವಳು ಯಾರನ್ನೂ ಕರೆದಿರಲೂ ಇಲ್ಲ.

ಮೈ ಒಂದೇ. ಸುದ್ದಿ ತಂದದ್ದೂ ಅದೇ ವಸ್ತು. ಒಂದು ನೋವು ಕಲೆ ಉಳಿಸಿತು, ಜನ ನಂಬಿದರು. ಇನ್ನೊಂದು ಹಬೆಯಾಗಿ ಹೋಯಿತು.

ಹಬೆಯ ಆಚೆ ಯಾರೋ ಚಾದರದ ಮೂಲೆ ಹಿಡಿದು ನಿಂತಂತೆ ಅವಳಿಗನ್ನಿಸಿತು. ತನ್ನ ತಾಯಿ ಇರಬಹುದು, ಆಗ ತಡ್ಕೋ ಎಂದವಳು. ಅಲ್ಲ, ಮಗಳು. ಅದೇ ಮಾತನ್ನು ಅಕ್ಕನ ಬಾಯಿಂದ ಕೇಳಿಸಿಕೊಂಡು ಬಾಗಿಲು ಹಾಕಿಕೊಂಡ ಮಗಳು. ಎಲ್ಲರೂ ಮೂಲೆ ಬಿಡದೆ ನಿಂತಿದ್ದರು, ನೆಲಕ್ಕೆ ತಾಗದಿರಲೆಂದು.

ಸಂಜೆ ಮ್ಯಾನೇಜರ್ ಬಾಗಿಲಲ್ಲೇ ನಿಂತು ಕೇಳಿದರು. “ಏನಕ್ಕಾ, ಆ ಹುಡುಗಿ ಹೇಗೆ?”

“ಕೆಲಸ ಅಚ್ಚುಕಟ್ಟು ಸಾರ್. ಕಾಯಂ ಮಾಡಿ.”

“ಆಗಾಗ ಕೆಲಸ ನಿಲ್ಲಿಸ್ತಾಳಂತೆ?”

“ಕೈ ಸುಟ್ಕೊಂಡಾಗ ನಾನೂ ನಿಲ್ಸಿದ್ದೆ.”

ಅವರಿಗೆ ಅರ್ಥವಾದಂತೆ ಕಾಣಲಿಲ್ಲ. “ಸರಿ, ನೀವು ಹೇಳಿದ್ಮೇಲೆ ಮುಗೀತು,” ಎಂದು ಹೊರಟುಹೋದರು.

ಎಲ್ಲರೂ ಹೋದ ಮೇಲೆ ಅಕ್ಕ ಮೆಟ್ಟಿಲ ಕೆಳಗಿನ ಕತ್ತಲೆಯಿಂದ ಒಂದು ಸ್ಟೂಲನ್ನು ಎಳೆದು ತಂದಳು. ಧೂಳು ಒರೆಸಿ, ಯಂತ್ರದ ಪಕ್ಕ ಬೆಚ್ಚಗಿರುವ ಕಡೆ ಇಟ್ಟಳು. ತಾನೇ ಒಮ್ಮೆ ಕೂತು ನೋಡಿದಳು. ಸ್ವಲ್ಪ ಅಲುಗಾಡುತ್ತಿತ್ತು. ಒಂದು ಕಾಲಿನ ಕೆಳಗೆ ಬಟ್ಟೆಯ ಚೂರು ಮಡಿಸಿ ತುರುಕಿದಳು.

ನಾಳೆ ಯಂತ್ರದಿಂದ ಹೊರಬರುವ ಮೊದಲ ಟವೆಲ್ಲನ್ನು ಬಿಸಿ ಆರುವ ಮುನ್ನ ದಪ್ಪಗೆ ಮಡಿಸಿ ಇದರ ಮೇಲಿಡಬೇಕು. ಗುಬ್ಬಿಗೆ ಬೇಡವಾದ ದಿನ ರಾಗದಮ್ಮನ ಮಂಡಿಗಾಗುತ್ತದೆ. ಯಾರು ತಂದದ್ದೆಂದು ಕೇಳಿದರೆ, ಮೊದಲಿನಿಂದಲೂ ಇಲ್ಲೇ ಇತ್ತಲ್ಲ ಎಂದರಾಯಿತು.

ಅವಳು ದೀಪ ಆರಿಸಿದಳು. ಕತ್ತಲಲ್ಲಿ ಯಂತ್ರ ಇನ್ನೂ ಬೆಚ್ಚಗಿತ್ತು.